ಹಳೆಯ ರೇಡಿಯೊ ಪೆಟ್ಟಿಗೆಯನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಕೊಬ್ಬರಿ ಎಣ್ಣೆ ಸವರಿದರೆ ಹೊಸದಾಗುತ್ತದೆಯೇ?

ಅಟ್ಟದಿಂದ ಇಳಿಸಿದ ಅಜ್ಜನ ಕಾಲದ ರೇಡಿಯೊ. ಗಸಗಸ ಸ್ಯಾಂಡ್‌ಪೇಪರ್, ಮೇಲೊಂದಿಷ್ಟು ಎಣ್ಣೆ. ಒಂದೇ ನಿಮಿಷದಲ್ಲಿ ಪೆಟ್ಟಿಗೆ ಈಗಷ್ಟೇ ಅಂಗಡಿಯಿಂದ ತಂದಂತೆ ಫಳಫಳ. ಇಂಥದ್ದೊಂದು ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನೋಡಲು ಖುಷಿ, ಮಾಡಲು ಸುಲಭ. ಆದರೆ ಹಾಗೆ ಮಾಡಿದರೆ ಪೆಟ್ಟಿಗೆ ಹಾಳಾಗುವ ಸಾಧ್ಯತೆಯೇ ಹೆಚ್ಚು. ವಿಡಿಯೋದಲ್ಲಿ ಹೇಳದ ಇನ್ನೊಂದು ವಿಷಯದಿಂದ ಜೀವಕ್ಕೂ ಅಪಾಯವಿದೆ. ಅದು ಏನೆಂದು ಮುಂದೆ ಹೇಳುತ್ತೇವೆ.

ಅದು ಗಟ್ಟಿ ಮರವಲ್ಲ

1940ರಿಂದ 60ರ ದಶಕದವರೆಗಿನ ವಾಲ್ವ್ ರೇಡಿಯೊಗಳು ನೋಡಲು ಇಡೀ ವಾಲ್‌ನಟ್ ಮರದಿಂದ ಕಡೆದಂತೆ ಕಾಣುತ್ತವೆ. ಹೆಚ್ಚಿನವುಗಳ ಒಳಗಿರುವುದು ಪ್ಲೈವುಡ್. ಕಣ್ಣಿಗೆ ಕಾಣುವ ಚಂದದ ಮರ ಅದರ ಮೇಲೆ ಅಂಟಿಸಿದ ತೆಳು ಪದರ, ಅಂದರೆ ವೆನೀರ್. ಅದರ ದಪ್ಪ ಸಾಮಾನ್ಯವಾಗಿ 1 ಮಿಲಿಮೀಟರ್‌ಗಿಂತಲೂ ಕಡಿಮೆ. ಒರಟು ಸ್ಯಾಂಡ್‌ಪೇಪರ್, ಅದರಲ್ಲೂ ಮಷೀನಿಗೆ ಹಾಕಿದ್ದು, ಮೂಲೆ ಮತ್ತು ಬಾಗಿದ ಅಂಚುಗಳಲ್ಲಿ ಕೆಲವೇ ಕ್ಷಣಗಳಲ್ಲಿ ಇದನ್ನು ತಿಂದುಹಾಕುತ್ತದೆ. ಕೆಳಗಿನ ಪೇಲವ ಪ್ಲೈವುಡ್ ಒಮ್ಮೆ ಇಣುಕಿದರೆ ಯಾವ ಪಾಲಿಶ್‌ನಿಂದಲೂ ಸರಿಯಾಗದು.

ಇನ್ನೊಂದು ಮಾತು. ಅಂಚಿನಲ್ಲಿ ಕಾಣುವ ಕಡುಕಂದು ಪಟ್ಟಿಗಳು ಎಷ್ಟೋ ಬಾರಿ ಮರದ ಬಣ್ಣವಲ್ಲ, ಬಣ್ಣ ಬೆರೆಸಿ ಸಿಂಪಡಿಸಿದ ಲ್ಯಾಕರ್. ಕೆಲವು ಅಗ್ಗದ ಸೆಟ್‌ಗಳಲ್ಲಿ ಮರದ ಗೆರೆಗಳೇ ಮುದ್ರಿಸಿದ ಚಿತ್ರ! ಉಜ್ಜಿದರೆ ‘ಮರ’ವೇ ಮಾಯ.

ಎಣ್ಣೆಯ ಕಥೆ

ಕೊಬ್ಬರಿ ಎಣ್ಣೆ ಒಣಗುವುದಿಲ್ಲ. ಅದರಲ್ಲಿರುವುದು ಹೆಚ್ಚಾಗಿ ಸ್ಯಾಚುರೇಟೆಡ್ ಕೊಬ್ಬು. ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿ ಪದರವಾಗುವ ಗುಣ ಅದಕ್ಕಿಲ್ಲ. ಹಾಗಾಗಿ ಎರಡು ದಿನ ಹೊಳೆದು, ಆಮೇಲೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಮುಂದೆ ಸರಿಯಾದ ಪಾಲಿಶ್ ಮಾಡಿಸಲು ಹೋದರೆ ಜಿಡ್ಡಿನ ಮೇಲೆ ಅದು ಕೂರುವುದಿಲ್ಲ.

ಅಗಸೆ ಎಣ್ಣೆ ಹಾಗಲ್ಲ, ಒಣಗುತ್ತದೆ. ಆದರೆ ಒಣಗುವಾಗ ಶಾಖ ಹೊರಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಕೂಡಿಕೊಂಡು ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಇದು ಉತ್ಪ್ರೇಕ್ಷೆಯಲ್ಲ. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಬಿಳಿ ಕಲೆಗೆ ಟೂತ್‌ಪೇಸ್ಟ್? ಅದರಲ್ಲಿ ನಯವಾದ ಪುಡಿ ಇರುವುದರಿಂದ ಮೇಲ್ಮೈಯ ಸಣ್ಣ ಕಲೆ ಹೋಗುವುದುಂಟು. ಜೊತೆಗೆ ಆ ಜಾಗದ ಹೊಳಪೂ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲು ಸ್ವಚ್ಛ ಮಾಡಿ, ಅಷ್ಟೇ. ದಶಕಗಳ ಅಡುಗೆಮನೆ ಹೊಗೆ, ಊದಿನಕಡ್ಡಿ ಹೊಗೆ, ಕೈಜಿಡ್ಡು ಸೇರಿ ಪೆಟ್ಟಿಗೆ ಕಪ್ಪಾಗಿರುತ್ತದೆ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ಬಟ್ಟೆ ತೊಟ್ಟಿಕ್ಕಬಾರದು. ಆ ಕಾಲದಲ್ಲಿ ವೆನೀರ್ ಅಂಟಿಸಲು ಬಳಸುತ್ತಿದ್ದ ಪ್ರಾಣಿಜನ್ಯ ಅಂಟು ನೀರಿಗೆ ಮೆತ್ತಗಾಗಿ, ವೆನೀರ್ ಎದ್ದು ಬರುತ್ತದೆ. ಒಣಗಿದ ಮೇಲೆ ತೆಳುವಾಗಿ ಮೇಣದ ಪಾಲಿಶ್ ಹಚ್ಚಿ. ಹಲವು ಪೆಟ್ಟಿಗೆಗಳಿಗೆ ಇಷ್ಟೇ ಸಾಕು.

ಸಾಲದಿದ್ದರೆ, ಮೇಲಿನ ಪದರ ಯಾವುದೆಂದು ತಿಳಿಯಬೇಕು. ಹಿಂಬದಿಯ ಕಾಣದ ಮೂಲೆಯಲ್ಲಿ ಹತ್ತಿಯಿಂದ ಒಂದು ಹನಿ ಸ್ಪಿರಿಟ್ ಮುಟ್ಟಿಸಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವ ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವುದೇ ಬಡಗಿಗಳ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಏನೂ ಆಗದೆ ಎನ್‌ಸಿ ಥಿನ್ನರ್‌ಗೆ ಮೆತ್ತಗಾದರೆ ಅದು ನೈಟ್ರೊಸೆಲ್ಯುಲೋಸ್ ಲ್ಯಾಕರ್, 1920ರ ದಶಕದಿಂದ ಕಾರುಗಳಿಗೂ ಹೊಡೆಯುತ್ತಿದ್ದದ್ದು. ಎರಡಕ್ಕೂ ಬಗ್ಗದಿದ್ದರೆ ಪಾಲಿಯೆಸ್ಟರ್ ಅಥವಾ ಆಮೇಲೆ ಯಾರೋ ಬಳಿದ ಪಾಲಿಯುರೆಥೇನ್ ಇರಬಹುದು.

ಮೊದಲೆರಡರಲ್ಲಿ ಒಂದು ಅನುಕೂಲವಿದೆ. ಬಿರುಕು ಬಿಟ್ಟ ಪದರವನ್ನು ಕೀಳಬೇಕಿಲ್ಲ. ಅದದರ ದ್ರಾವಕವನ್ನು ಬ್ರಷ್‌ನಿಂದ ತೆಳುವಾಗಿ ಎಳೆದರೆ ಹಳೆಯ ಪದರವೇ ಕರಗಿ, ಹರಡಿ, ಮತ್ತೆ ಕೂಡಿಕೊಳ್ಳುತ್ತದೆ. ಹಳೆಯ ಪದರ ಉಳಿಸಿಕೊಳ್ಳುವ ಈ ದಾರಿಯೇ ನಮಗೆ ಹೆಚ್ಚು ಸರಿ ಕಾಣುತ್ತದೆ. ತೀರಾ ಕೆಟ್ಟಿದ್ದರೆ ಮಾತ್ರ ರಿಮೂವರ್ ಹಚ್ಚಿ ತೆಗೆದು, 320 ನಂಬರಿನ ಅಥವಾ ಅದಕ್ಕಿಂತ ನಯವಾದ ಪೇಪರ್‌ನಿಂದ ಕೈಯಲ್ಲೇ, ಮರದ ಗೆರೆಯ ದಿಕ್ಕಿನಲ್ಲಿ ಹಗುರವಾಗಿ ಆಡಿಸಿ, ಹೊಸ ಲ್ಯಾಕರನ್ನು ತೆಳು ಕೋಟ್‌ಗಳಲ್ಲಿ ಹೊಡೆಯಬೇಕು. ಈ ಕೆಲಸ ಮಳೆಗಾಲದಲ್ಲಿ ಬೇಡ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಲ್ಯಾಕರ್ ಬೆಳ್ಳಗೆ ಮಂಜಾಗುತ್ತದೆ. ಥಿನ್ನರ್ ಮತ್ತು ಸ್ಪಿರಿಟ್ ಕೆಲಸ ಗಾಳಿಯಾಡುವ ಕಡೆ, ದೇವರ ದೀಪ, ಒಲೆ, ಬೀಡಿ ಇವೆಲ್ಲದರಿಂದ ದೂರ ಇರಲಿ.

ಡಯಲ್ ಗಾಜನ್ನು ಮಾತ್ರ ಮುಟ್ಟಬೇಡಿ. ಸ್ಟೇಷನ್ ಹೆಸರುಗಳು ಗಾಜಿನ ಹಿಂಬದಿಯಲ್ಲಿ ಮುದ್ರಿತವಾಗಿರುತ್ತವೆ. ಥಿನ್ನರ್ ಬಿಡಿ, ಒದ್ದೆ ಬಟ್ಟೆಗೂ ಅಳಿಸಿಹೋಗುವುದುಂಟು. ಹೋದರೆ ಹೋಯಿತು.

ವಿಡಿಯೋ ಹೇಳದ ವಿಷಯ

ಪೆಟ್ಟಿಗೆ ಬರೀ ಅಲಂಕಾರವಲ್ಲ. ಎಷ್ಟೋ ಹಳೆಯ ಸೆಟ್‌ಗಳಲ್ಲಿ ನಿಮ್ಮ ಬೆರಳಿಗೂ ಕರೆಂಟಿಗೂ ನಡುವೆ ಇರುವ ತಡೆಗೋಡೆಯೇ ಅದು. ಆಗ ಕೆಲವು ಊರುಗಳಲ್ಲಿ ಡಿಸಿ ವಿದ್ಯುತ್ ಬರುತ್ತಿತ್ತು. ಎರಡಕ್ಕೂ ಒಗ್ಗಲೆಂದು ಟ್ರಾನ್ಸ್‌ಫಾರ್ಮರ್ ಇಲ್ಲದ ‘ಎಸಿ-ಡಿಸಿ’ ಸೆಟ್‌ಗಳನ್ನು ಮಾಡುತ್ತಿದ್ದರು. ಇವುಗಳಲ್ಲಿ ಒಳಗಿನ ಲೋಹದ ಷಾಸಿಗೆ ಮನೆಯ ಮೇನ್ ಲೈನಿನ ಒಂದು ತಂತಿ ನೇರವಾಗಿ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಷಾಸಿಯಲ್ಲೇ 230 ವೋಲ್ಟ್! ಪಾಲಿಶ್ ಮಾಡಲು ನಾಬ್ ಕಿತ್ತಾಗ ಉಳಿಯುವ ಲೋಹದ ಕಡ್ಡಿ, ತಳದ ಬೋಲ್ಟು ಎಲ್ಲದರಲ್ಲೂ ಕರೆಂಟ್ ಇರಬಹುದು. ಹಿಂಬದಿಯ ರಟ್ಟನ್ನು ವಾಪಸ್ ಹಾಕದೆ, ನಾಬ್ ಜೋಡಿಸದೆ ‘ಒಮ್ಮೆ ಹಚ್ಚಿ ನೋಡೋಣ’ ಎನ್ನುವುದು ಇಲ್ಲಿ ಅತಿ ಕೆಟ್ಟ ಯೋಚನೆ.

ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು. ಆದ್ದರಿಂದ ಷಾಸಿಯನ್ನು ಹೊರತೆಗೆಯುವ ಕೆಲಸ ವಾಲ್ವ್ ಸೆಟ್ ಗೊತ್ತಿರುವ ಮೆಕ್ಯಾನಿಕ್‌ಗೆ ಬಿಡಿ. ಹಳೆಯ ಕಂಡೆನ್ಸರ್ ಮತ್ತು ವಯರ್ ನೋಡಿಸದೆ ಪ್ಲಗ್‌ಗೆ ಹಾಕಲೇಬೇಡಿ. ಖಾಲಿ ಪೆಟ್ಟಿಗೆಯೊಳಗೆ, ವಾಲ್ವ್‌ಗಳ ಮೇಲ್ಭಾಗದಲ್ಲಿ ಬೂದುಬಿಳಿ ಹಾಳೆ ಅಂಟಿಸಿದ್ದರೆ ಅದು ಶಾಖ ತಡೆಯಲು ಹಾಕಿದ ಕಲ್ನಾರು ಇರಬಹುದು. ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಕೆರೆಯಬೇಡಿ, ಉಜ್ಜಬೇಡಿ, ಹಾಗೇ ಬಿಡಿ.

ಅಂದಹಾಗೆ, ಹಳೆಯ ರೇಡಿಯೊ ಒಳಗೆ ಲಕ್ಷಾಂತರ ಬೆಲೆಯ ‘ರೆಡ್ ಮರ್ಕ್ಯುರಿ’ ಇದೆ ಎಂಬ ಫಾರ್ವರ್ಡ್ ಕೂಡ ಸುಳ್ಳು. ಹೇಳುವಂಥ ಯಾವ ದುಬಾರಿ ವಸ್ತುವೂ ಅದರಲ್ಲಿಲ್ಲ. ಅದನ್ನು ನಂಬಿ ವಾಲ್ವ್ ಒಡೆದರೆ ಕೈಗೆ ಸಿಗುವುದು ಗಾಜಿನ ಚೂರು.