ಒಲ್ಲೆ ಅನ್ನುವ ಸತ್ಯಭಾಮೆ

ನಾರದ ಒಂದು ಹೂವು ತರುತ್ತಾನೆ. ಕೃಷ್ಣ ಅದನ್ನು ಪಕ್ಕದಲ್ಲಿದ್ದ ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ. ಇಷ್ಟೇ ಕಥೆ. ಹರಿವಂಶದಲ್ಲಿ ಇದರ ಬೆನ್ನಿಗೆ ಇಂದ್ರನೊಡನೆ ಯುದ್ಧವಿದೆ, ಬೇರುಸಹಿತ ಭೂಮಿಗೆ ಬಂದ ಮರವಿದೆ. ಆದರೆ ಗೋಕಾಕ ಸೀಮೆಯ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ನೆನಪಿನಲ್ಲಿ ಉಳಿಯುವುದು ಯುದ್ಧವಲ್ಲ. ಮುನಿಸಿಕೊಂಡು ಕೂತ ಒಬ್ಬ ಹೆಂಡತಿ, ಅವಳನ್ನು ಒಲಿಸಿಕೊಳ್ಳಲು ಪಾಡುಪಡುವ ಒಬ್ಬ ಗಂಡ, ಇಬ್ಬರ ನಡುವೆ ಅಡ್ಡಾಡಿ ದಣಿಯುವ ದೂತಿ, ಎಲ್ಲರ ಮಾತಿಗೂ ಮಾತು ಸೇರಿಸುವ ಭಾಗವತ. ಒಂದು ಹೂವಿನ ಜಗಳ ರಾತ್ರಿ ಊಟವಾದ ಮೇಲೆ ಶುರುವಾಗಿ ಬೆಳಗಿನ ಕೋಳಿ ಕೂಗುವವರೆಗೂ ಎಳೆಯುತ್ತದೆ. ಕೇಳುವವರಿಗೆ ಬೇಸರವಾಗುವುದಿಲ್ಲ, ಏಕೆಂದರೆ ಆ ಜಗಳ ಅವರ ಮನೆಯದೇ ಭಾಷೆಯಲ್ಲಿ ನಡೆಯುತ್ತಿರುತ್ತದೆ.

ಈ ಆಟ ನನ್ನ ಪಿಎಚ್.ಡಿ. ವಿಷಯ. ವಿಷಯ ಹೇಳಿದಾಗ ಎರಡು ಬಗೆಯ ಪ್ರತಿಕ್ರಿಯೆ ಬರುತ್ತದೆ. ಊರಿನವರು, ಅದರಾಗ ಓದೂದೇನೈತಿ, ಬಂದು ನೋಡೂದೈತಿ ಅನ್ನುತ್ತಾರೆ. ವಿಚಾರ ಸಂಕಿರಣಗಳಲ್ಲಿ ಸಿಗುವ ಹಿರಿಯರು ದೊಡ್ಡಾಟ ಯಾಕೆ ಆರಿಸಿಕೊಳ್ಳಲಿಲ್ಲ, ಅದರಲ್ಲಿ ಗಾಂಭೀರ್ಯವಿದೆ ಅನ್ನುತ್ತಾರೆ. ಪಾರಿಜಾತ ಸಣ್ಣಾಟದ ಸಾಲಿಗೆ ಸೇರುತ್ತದೆ. ಸಂಗ್ಯಾಬಾಳ್ಯಾ, ರಾಧಾನಾಟ, ದಾಸರಾಟಗಳ ಜೊತೆ. ಕಿರೀಟ, ಭುಜಕೀರ್ತಿಗಳ ಭಾರ ಕಡಿಮೆ, ಕುಣಿತದ ಅಬ್ಬರ ಕಡಿಮೆ, ಹಾರ್ಮೋನಿಯಂ ತಬಲಾಗಳ ಜೊತೆ ಹಾಡು ಮತ್ತು ಮಾತು ಹೆಚ್ಚು. 'ಸಣ್ಣ' ಎಂಬ ಪದವನ್ನು ವಿದ್ವಾಂಸರು ವರ್ಗೀಕರಣಕ್ಕೆಂದು ಬಳಸಿದರೂ ಅದು ಕೇಳುವವರ ಮನಸ್ಸಿನಲ್ಲಿ ಬೆಲೆಯ ಮಾತೂ ಆಗಿಬಿಟ್ಟಿದೆ.

ನನ್ನದು ದಡ್ಡಿ. ಹುಕ್ಕೇರಿ ತಾಲೂಕಿನ ಪಡುವಣ ಅಂಚು, ಮಹಾರಾಷ್ಟ್ರದ ಗಡಿಗೆ ಹತ್ತಿರ. ಮೋಹನಗಾ ದಡ್ಡಿಯ ಭಾವೇಶ್ವರಿ ಜಾತ್ರೆಗೆ ಎರಡೂ ರಾಜ್ಯದ ಭಕ್ತರು ಬರುತ್ತಾರೆ. ತೇರಿಗೆ, ತೆಂಗಿನಕಾಯಿಗೆ ಯಾವ ಭಾಷೆಯೂ ಆಗುತ್ತದೆ. ನಮ್ಮ ಮನೆಯಲ್ಲಿ ಸಿಟ್ಟು ಕನ್ನಡದಲ್ಲಿ, ಲೆಕ್ಕ ಮರಾಠಿಯಲ್ಲಿ. ಘಟಪ್ರಭಾ ನಮ್ಮ ಕಡೆಯಿಂದ ಹಿಡಕಲ್ ಜಲಾಶಯಕ್ಕೆ ಇಳಿದು, ಮುಂದೆ ಗೋಕಾಕದ ಬಂಡೆಯಿಂದ ಧುಮ್ಮಿಕ್ಕಿ, ಪಾರಿಜಾತ ಹುಟ್ಟಿದ ಸೀಮೆಯನ್ನು ಹಾದು ಬಾಗಲಕೋಟೆಯ ಕಡೆಗೆ ಹೋಗುತ್ತದೆ. ನಾನು ಕ್ಷೇತ್ರಕಾರ್ಯಕ್ಕೆ ಹೊರಟರೆ ಹೊಳೆಯ ಗುಂಟ ಹೋದರೆ ಸಾಕು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಮೊದಲ ವರ್ಷ ನಾನು ಬಾಯಿ ತೆರೆದಾಗಲೆಲ್ಲ ನಕ್ಕವರಿದ್ದರು. ಎರಡನೆಯ ವರ್ಷಕ್ಕೆ ನಾನು 'ಯಾಕ' ಬಿಟ್ಟು 'ಯಾಕೆ' ಹಿಡಿದಿದ್ದೆ. ಇದು ಗಡಿಯ ಕಡೆಯಿಂದ ಬಂದ ಎಲ್ಲರ ಕಥೆ, ವಿಶೇಷವೇನೂ ಅಲ್ಲ. ಆದರೆ ಪಾರಿಜಾತದ ಚರಿತ್ರೆಯನ್ನು ಓದತೊಡಗಿದಾಗ ಗಮನಕ್ಕೆ ಬಂದದ್ದು: ಈ ನಾಚಿಕೆಗೆ ನಮ್ಮ ಸೀಮೆಯ ಒಂದು ಆಟ ನೂರಾರು ವರ್ಷ ಮೊದಲೇ ಉತ್ತರ ಕೊಟ್ಟಿತ್ತು, ಅದೂ ನಗುತ್ತ.

ಪಾರಿಜಾತದ ಮೂಲಕರ್ತೃ ಎಂದು ಹೆಸರಿಸುವುದು ಅಪರಾಳ ತಮ್ಮಣ್ಣನನ್ನು. ಅದನ್ನು ಆಟವಾಗಿ ಊರೂರಿಗೆ ಮುಟ್ಟಿಸಿದವನು ಕುಲಗೋಡ ತಮ್ಮಣ್ಣ. ಕುಲಗೋಡ ಈಗ ಮೂಡಲಗಿ ತಾಲೂಕಿನಲ್ಲಿದೆ, ಮೊದಲು ಗೋಕಾಕ ತಾಲೂಕಿನಲ್ಲಿತ್ತು. ಇಬ್ಬರು ತಮ್ಮಣ್ಣಗಳಲ್ಲಿ ಯಾವ ಪದ ಯಾರದು ಎಂಬ ಚರ್ಚೆ ನಮ್ಮ ವಿಭಾಗಗಳಲ್ಲಿ ಇನ್ನೂ ಮುಗಿದಿಲ್ಲ. ನನಗೆ ಅದಕ್ಕಿಂತ ಕುತೂಹಲದ್ದು ಬೇರೆ. ಒಂದು ಊರಿನ ಕವಿತೆ ಇನ್ನೊಂದು ಊರಿಗೆ ಬಂದು ಅಲ್ಲಿಯ ಬಾಯಿಗೆ ಬಿದ್ದಾಗ ಏನಾಯಿತು? ಹಾಡುಗಳು ಬಹುಮಟ್ಟಿಗೆ ಗ್ರಂಥದ ಕನ್ನಡದಲ್ಲೇ ಉಳಿದವು. ಹಾಡಿನ ನಡುವಿನ ಮಾತು ಮಾತ್ರ ಯಾರೂ ಬರೆದುಕೊಡದ್ದು. ಅದು ಆಟಗಾರರದು, ಆ ರಾತ್ರಿಯದು, ಆ ಊರಿನದು. ದ್ವಾರಕೆಯ ಅರಸಿ ಹಾಡುವಾಗ ಪುರಾಣದವಳು, ಮಾತಾಡುವಾಗ ಓಣಿಯವಳು. ಹಾಡು ಮುಗಿದು ಮಾತು ಶುರುವಾಗುವ ಆ ಗಳಿಗೆಯಲ್ಲಿ ಜನ ಮುಂದಕ್ಕೆ ಸರಿದು ಕೂರುವುದನ್ನು ನೋಡಬೇಕು.

ಈ ಕಥೆ ನಮ್ಮದೊಂದೇ ಸ್ವತ್ತಲ್ಲ. ಅಸ್ಸಾಮಿನಲ್ಲಿ ಶಂಕರದೇವ 16ನೇ ಶತಮಾನದಲ್ಲಿ ಪಾರಿಜಾತ ಹರಣ ಎಂಬ ಅಂಕಿಯಾ ನಾಟ್ ಬರೆದ. ವಿಜಯನಗರದ ಕೃಷ್ಣದೇವರಾಯನ ಆಸ್ಥಾನದಲ್ಲಿದ್ದ ನಂದಿ ತಿಮ್ಮನ ತೆಲುಗಿನಲ್ಲಿ ಪಾರಿಜಾತಾಪಹರಣಮು ಬರೆದ. ಅದರಲ್ಲಿ ಕಾಲಿಗೆರಗಿದ ಕೃಷ್ಣನನ್ನು ಸತ್ಯಭಾಮೆ ಎಡಗಾಲಿನಿಂದ ಒದೆಯುತ್ತಾಳೆ. ಕೂಚಿಪೂಡಿಯ ಭಾಮಾಕಲಾಪದಲ್ಲಿ ಅವಳ ಜಡೆಯೇ ಒಂದು ಪಾತ್ರ. ಒಟ್ಟಿನಲ್ಲಿ ಭಕ್ತಿಯ ಲೋಕಕ್ಕೆ ಒಬ್ಬ ಸಿಟ್ಟಿನ ಹೆಣ್ಣು ಬೇಕಾಗಿದ್ದಳು, ಅವಳನ್ನು ಪ್ರತಿಯೊಂದು ಸೀಮೆಯೂ ತನ್ನ ಮನೆಯಿಂದಲೇ ಕಳಿಸಿಕೊಟ್ಟಿತು. ತಿಮ್ಮನ ಸತ್ಯಭಾಮೆಗೆ ಅರಮನೆಯ ಬೆಳಕಿದೆ. ನಮ್ಮವಳ ಹಿಂದೆ ಒಂದು ಪರದೆ, ಕೆಳಗೆ ಹಲಗೆ ಹಾಸಿದ ಅಟ್ಟ, ಎದುರಿಗೆ ಕಂಬಳಿ ಹೊದ್ದು ಕೂತ ಜನ.

ಅವಳ ಮಾತಿನಲ್ಲಿ ನನಗೆ ಬಹಳ ಬೇಕಾದ ಪದ 'ಒಲ್ಲೆ'. ದಕ್ಷಿಣದ ಗೆಳತಿಯರು 'ಬೇಡ' ಅನ್ನುವ ಕಡೆ ನಾವು 'ಒಲ್ಲೆ' ಅನ್ನುತ್ತೇವೆ. ಚಹಾ ಒಲ್ಲೆ, ಸೀರೆ ಒಲ್ಲೆ, ಆ ವರ ಒಲ್ಲೆ. ಇದನ್ನು ಹಳ್ಳಿಯ ಮಾತು ಎಂದು ನನಗೆ ತಿದ್ದಿದವರಿದ್ದಾರೆ. ನಿಜವಾಗಿ ಅದು ಹಳಗನ್ನಡದ 'ಒಲ್' ಎಂಬ ಧಾತುವಿನ ನಿಷೇಧರೂಪ: ಒಲ್ಲೆನ್. 'ಒಲವು' ಬಂದದ್ದೂ ಅದೇ ಬಳ್ಳಿಯಿಂದ. ವಚನಕಾರರು ದಾರಾಳವಾಗಿ ಬಳಸಿದ ಪದವನ್ನು ಪಟ್ಟಣದ ಬರವಣಿಗೆ ಕೈಬಿಟ್ಟಿತು, ಘಟಪ್ರಭೆಯ ದಂಡೆ ಬಿಡಲಿಲ್ಲ. ಇನ್ನೊಂದು ವಿಷಯವೂ ಇದೆ. 'ಬೇಡ' ಅಂದಾಗ ವಸ್ತುವಿನ ಬಗ್ಗೆ ಹೇಳುತ್ತೇವೆ. 'ಒಲ್ಲೆ' ಅಂದಾಗ ಹೇಳುವವಳೇ ಕ್ರಿಯಾಪದದೊಳಗೆ ಕೂತಿರುತ್ತಾಳೆ, 'ನಾನು' ಎಂದು ಬೇರೆ ಹೇಳಬೇಕಾಗಿಲ್ಲ. ರಾತ್ರಿಯಿಡೀ ಮುನಿಸಿಕೊಳ್ಳುವವಳಿಗೆ ಇದಕ್ಕಿಂತ ಹೊಂದುವ ವ್ಯಾಕರಣ ಸಿಗಲಾರದು. ಒಲವಿನ ಧಾತುವಿನಿಂದಲೇ ಒಲ್ಲೆನೆನ್ನುವುದು. ಪಾರಿಜಾತದ ಪ್ರಣಯವನ್ನು ನಾನು ವಿವರಿಸುವುದಾದರೆ ಇದನ್ನೇ ವಿವರಿಸಬೇಕು.

ಆಟದ ನಗು ಅವಳಿಗಿಂತ ಮೊದಲೇ ಶುರುವಾಗುತ್ತದೆ. ಹಾಲು ಮೊಸರು ಮಾರಲು ಬಂದ ಗೊಲ್ಲತಿಯನ್ನು ಭಾಗವತ ತಡೆದು ನಿಲ್ಲಿಸುತ್ತಾನೆ. ಮಾತಿಗೆ ಮಾತು, ಸವಾಲಿಗೆ ಸವಾಲು. ಭಾಗವತ ಸೋಲುವವರೆಗೂ ಜನ ಬಿಡುವುದಿಲ್ಲ. ಯಕ್ಷಗಾನದ ಭಾಗವತ ಹಿಂದೆ ಕೂತು ಆಟವನ್ನು ನಡೆಸುವ ಗುರು. ನಮ್ಮ ಭಾಗವತ ಹಾಡುತ್ತಲೇ ಮುಂದೆ ಬಂದು ಪೆಟ್ಟು ತಿನ್ನುವವನು: ಕೃಷ್ಣನ ಗೆಳೆಯ, ದೂತಿಯ ಜೊತೆಗಾರ, ಸತ್ಯಭಾಮೆಯ ಬೈಗುಳದ ಮೊದಲ ಗಿರಾಕಿ. ಪುರಾಣ ಮತ್ತು ಊರಿನ ನಡುವಿನ ಬಾಗಿಲು ಅವನೇ. ಅವನು ದ್ವಾರಕೆಯ ವಿಚಾರ ಮಾತಾಡುತ್ತ ಮಾತಾಡುತ್ತ ಆ ವರ್ಷದ ಮಳೆ, ಆ ಊರಿನ ಸಾಹುಕಾರ, ಕೆಟ್ಟ ರಸ್ತೆ ಎಲ್ಲವನ್ನೂ ಒಳಗೆ ತರುತ್ತಾನೆ. ಕೊರವಂಜಿಯ ಪ್ರಸಂಗ ಬಂದಾಗಲಂತೂ ಜಗದೊಡೆಯನೇ ಸೀರೆ ಉಟ್ಟು, ಬುಟ್ಟಿ ಹೊತ್ತು, ಕಣಿ ಹೇಳುವ ಹೆಂಗಸಾಗಿ ಬರುತ್ತಾನೆ. ತನ್ನ ಮನೆಗೆ ತಾನು ಬರಲು ದೇವರಿಗೂ ವೇಷ ಬೇಕಾಗುತ್ತದೆ.

ಹೊರಗೆ ಏನು ನಡೆದಿತ್ತು ನೋಡಿ. 19ನೇ ಶತಮಾನದ ನಡುವಿನಲ್ಲಿ ಮುಂಬಯಿ ಪ್ರಾಂತದ ಈ ಕನ್ನಡ ಜಿಲ್ಲೆಗಳಲ್ಲಿ ಶಾಲೆ, ಕಚೇರಿ ಎರಡರಲ್ಲೂ ಮರಾಠಿ ಮುಂದಿತ್ತು. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ಹಳ್ಳಿಹಳ್ಳಿ ತಿರುಗಬೇಕಾಯಿತು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕಕ್ಕೆ ನಾಂದಿ ಹಾಡಿದ್ದು ಕನ್ನಡ ಸೀಮೆಯ ಭಾಗವತರ ಆಟ ನೋಡಿದ ಮೇಲೆ. 1880ರಲ್ಲಿ ಸಂಗೀತ ಶಾಕುಂತಲ ಆಡಿಸಿ ಮರಾಠಿ ಸಂಗೀತ ನಾಟಕದ ಯುಗ ತೆರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇದಕ್ಕೂ ಮೊದಲೇ ಮರಾಠಿ ನಾಟಕಗಳು ಕನ್ನಡ ಪಟ್ಟಣಗಳಿಗೆ ತಿರುಗಿ ಬಂದಾಗ ಅವುಗಳ ಬೆರಗಿಗೆ ಎದುರಾಗಿ ಗದಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲಿ ಕನ್ನಡ ನಾಟಕ ಕಟ್ಟಿದರು. ನಮ್ಮ ಪಠ್ಯಪುಸ್ತಕಗಳು ಈ ಭಾಗದ ಭಾಷಾಭಿಮಾನದ ಚರಿತ್ರೆಯನ್ನು ಶುರು ಮಾಡುವುದು ಇಲ್ಲಿಂದ. ಅದೇ ಹೊತ್ತಿಗೆ ಗೋಕಾಕ ಸೀಮೆಯ ಹಳ್ಳಿಗಳಲ್ಲಿ ಯಾರ ಅಭಿಮಾನದ ಭಾಷಣವೂ ಇಲ್ಲದೆ ಸತ್ಯಭಾಮೆ ತನ್ನ ಪಾಡಿಗೆ ಕನ್ನಡದಲ್ಲಿ ಜಗಳವಾಡುತ್ತಿದ್ದಳು. ಈ ಮಾತನ್ನು ಪ್ರಬಂಧದಲ್ಲಿ ಇಷ್ಟು ಸಲೀಸಾಗಿ ಬರೆಯಲು ನನ್ನ ಮಾರ್ಗದರ್ಶಕರು ಬಿಡುವುದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

20ನೇ ಶತಮಾನಕ್ಕೆ ಬಂದರೆ ಕೌಜಲಗಿ ನಿಂಗಮ್ಮನ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ಬಯಲಾಟದ ಲೋಕದಲ್ಲಿ ಒಬ್ಬ ಹೆಂಗಸು ಮುಂದೆ ನಿಂತು ತಂಡ ನಡೆಸಿ, ಪಾರಿಜಾತವೆಂದರೆ ಕೌಜಲಗಿ ನಿಂಗಮ್ಮನದು ಎನ್ನುವಷ್ಟು ಹೆಸರು ಮಾಡಿದರು. ಕೌಜಲಗಿಯೂ ಗೋಕಾಕ ಸೀಮೆಯ ಊರೇ. ಅವರ ಹೆಸರಿನ ಜೊತೆ ಊರಿನ ಹೆಸರು ಅಂಟಿಕೊಂಡಿರುವುದನ್ನು ಗಮನಿಸಿ: ಅಪರಾಳ, ಕುಲಗೋಡ, ಕೌಜಲಗಿ. ಈ ಆಟದವರು ಎಷ್ಟೇ ತಿರುಗಿದರೂ ಊರನ್ನು ಹೆಸರಿನ ಮುಂದೆಯೇ ಕಟ್ಟಿಕೊಂಡು ತಿರುಗಿದರು. ಹೆಂಗಸೊಬ್ಬಳು ಅಟ್ಟದ ಮೇಲೆ ನಿಂತು ಗಂಡನಿಗೆ ಒಲ್ಲೆ ಅನ್ನುವುದನ್ನು ಮುಂದೆ ಕೂತ ಹೆಂಗಸರು ಕೇಳಿದಾಗ ಆ ಪದದ ತೂಕ ಬೇರೆಯೇ ಆಗಿರಬೇಕು. ಆಟ ಮುಗಿದ ಮೇಲೆ ಸಮಾಜ ಅಂಥ ಕಲಾವಿದೆಯರನ್ನು ಎಲ್ಲಿ ಕೂರಿಸಿತು ಎಂಬುದು ಇನ್ನೊಂದು ಲೇಖನದ ವಿಷಯ, ಅದು ನಗುವಿನದಲ್ಲ.

ಇದೇ ನೆಲದಿಂದ ಓದಿನ ಲೋಕಕ್ಕೆ ಹೋದವರಲ್ಲಿ ಇಬ್ಬರನ್ನು ನೆನೆಯುತ್ತೇನೆ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು ಆನಂದಕಂದರಾಗಿ ಹಳ್ಳಿಯ ನುಡಿಯಲ್ಲೇ ಕವಿತೆ ಕಟ್ಟಿದರು, ಧಾರವಾಡದಿಂದ 'ಜಯಂತಿ' ಪತ್ರಿಕೆ ನಡೆಸಿದರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಗೋಕಾಕದಲ್ಲಿ ಹೈಸ್ಕೂಲು ಓದಿ, ಮುಂದೆ ಷಿಕಾಗೋದಲ್ಲೂ ಬೆಂಗಳೂರಿನಲ್ಲೂ ಪಾಠ ಮಾಡಿದರು; ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು; 2010ರ ಸಾಲಿನ ಜ್ಞಾನಪೀಠ ಪಡೆದರು. ಅವರ ಪಿಎಚ್.ಡಿ. ವಿಷಯ ಉತ್ತರ ಕರ್ನಾಟಕದ ಜನಪದ ರಂಗಭೂಮಿ. 1964ರಲ್ಲಿ ಬಂದ ಅವರ ನೀಳ್ಗವಿತೆಯ ಹೆಸರೇ 'ಹೇಳತೇನ ಕೇಳ'. 'ಹೇಳುತ್ತೇನೆ ಕೇಳು' ಎಂದು ತಿದ್ದಿ ಓದಿ ನೋಡಿ, ಅರ್ಥ ಅದೇ ಇರುತ್ತದೆ, ಮನುಷ್ಯ ಮಾತ್ರ ಎದ್ದು ಹೋಗಿರುತ್ತಾನೆ. ಊರು ಬಿಟ್ಟವರು ಬರವಣಿಗೆಯಲ್ಲಿ ಶಿವಾಪುರ ಎಂಬ ಊರನ್ನು ಕಟ್ಟಿ ಮತ್ತೆ ಮತ್ತೆ ಅಲ್ಲಿಗೇ ಮರಳಿದರು. ಆ ಮರಳುವಿಕೆಗೆ ದಾರಿ ತೋರಿಸಿದ ಅನೇಕ ಆಟಗಳಲ್ಲಿ ಪಾರಿಜಾತವೂ ಒಂದು ಎಂದು ನಾನು ಓದುತ್ತೇನೆ.

ವಿದ್ವಾಂಸರ ಬರಹಗಳಲ್ಲಿ ಪಾರಿಜಾತದ ತಾತ್ಪರ್ಯ ಒಂದೇ ಪದದಲ್ಲಿ ಮುಗಿಯುವುದುಂಟು: ಗರ್ವಭಂಗ. ಸತ್ಯಭಾಮೆಗೆ ಅಹಂಕಾರವಿತ್ತು, ಅದು ಇಳಿಯಿತು. ತುಲಾಭಾರದ ಕಥೆಗೆ ಈ ಮಾತು ಒಪ್ಪುತ್ತದೆ. ಅಲ್ಲಿ ಅವಳ ಬಂಗಾರವೆಲ್ಲ ಸೋತು ರುಕ್ಮಿಣಿಯ ಒಂದು ತುಳಸಿದಳ ಗೆಲ್ಲುತ್ತದೆ. ಪಾರಿಜಾತದ ಆಟಕ್ಕೆ ಅದನ್ನು ಹಾಗೆಯೇ ಅಂಟಿಸಲು ನಾನು ಒಲ್ಲೆ. ರಾತ್ರಿಯ ಬಹುಪಾಲು ಜನ ಕೂತಿರುವುದು ಅವಳ ಮನೆಯಲ್ಲಿ. ಅವಳಿಗೆ ರುಕ್ಮಿಣಿಯಂತೆ ಆಗಬೇಕಿಲ್ಲ. ತಾಳ್ಮೆ ತನ್ನ ಗುಣವಲ್ಲ ಎಂದು ಅವಳಿಗೆ ಗೊತ್ತು, ಅದಕ್ಕಾಗಿ ಕ್ಷಮೆ ಕೇಳುವುದೂ ಇಲ್ಲ. ಅವಳು ಎದ್ದು ಹೋಗುವುದಿಲ್ಲ. ಅವಳಿರುವಲ್ಲಿಗೇ ದೂತಿ ಬರಬೇಕು, ಭಾಗವತ ಬರಬೇಕು, ಕೊನೆಗೆ ಕೃಷ್ಣನೇ ಬರಬೇಕು. ಪುರಾಣಿಕ ಗರ್ವ ಎನ್ನುವುದನ್ನು ನಮ್ಮ ಓಣಿಯ ಹೆಂಗಸರು 'ತನ್ನ ಮರ್ಯಾದಿ ತನಗ ಗೊತ್ತಿದ್ದಾಕಿ' ಎಂದಾರು. ಜನ ಹೇಳುವ ಕಥೆಯಲ್ಲಿ ಮರ ನೆಟ್ಟದ್ದು ಸತ್ಯಭಾಮೆಯ ಅಂಗಳದಲ್ಲಿ, ಹೂವು ಉದುರಿದ್ದು ಗೋಡೆಯಾಚೆಯ ರುಕ್ಮಿಣಿಯ ಅಂಗಳದಲ್ಲಿ. ಇದನ್ನೂ ಅವಳ ಸೋಲೆಂದೇ ಹೇಳುತ್ತಾರೆ. ಮರ ಯಾರ ಮನೆಯಲ್ಲಿದೆ ಎಂಬುದನ್ನು ಯಾರೂ ಎಣಿಸುವುದಿಲ್ಲ.

ಈಗ ಪಾರಿಜಾತ ಉತ್ಸವಗಳ ವೇದಿಕೆಗೆ ಬರುವಾಗ ಒಂದೂವರೆ ಗಂಟೆ, ಕೆಲವೊಮ್ಮೆ ನಲವತ್ತೈದು ನಿಮಿಷ. ಆಟಗಾರರು ಬುದ್ಧಿವಂತರು, ಎಷ್ಟು ಹೊತ್ತು ಕೊಟ್ಟರೆ ಅಷ್ಟಕ್ಕೆ ಹೊಂದಿಸುತ್ತಾರೆ. ನಾನು ನೋಡಿದ ಇಂಥ ಪ್ರಯೋಗಗಳಲ್ಲಿ ಮೊದಲು ಕತ್ತರಿ ಬೀಳುವುದು ಮಾತಿಗೆ. ಗೊಲ್ಲತಿ ಹೋಗುತ್ತಾಳೆ, ಆಮೇಲೆ ದೂತಿಯ ಅಡ್ಡಾಟ ಹೋಗುತ್ತದೆ. ಹಾಡು ಉಳಿಯುತ್ತದೆ, ಏಕೆಂದರೆ ಹಾಡು ಬರಹದಲ್ಲಿದೆ. ಉಳಿದ ಚೂರುಪಾರು ಸಂಭಾಷಣೆಯನ್ನೂ ಬೆಂಗಳೂರಿನ ಪ್ರೇಕ್ಷಕರಿಗೆ ತಿಳಿಯಲಿ ಎಂದು 'ಯಾಕೆ', 'ಬೇಡ' ಎಂದು ತಿದ್ದಿಕೊಳ್ಳುವ ತಂಡಗಳಿವೆ. ಹಾಸ್ಟೆಲಿನಲ್ಲಿ ನಾನು ಮಾಡಿದ್ದೂ ಅದೇ ಆದ್ದರಿಂದ ಅವರನ್ನು ಬೈಯಲು ಬಾಯಿ ಬರುವುದಿಲ್ಲ. ಕ್ಷೇತ್ರಕಾರ್ಯದಲ್ಲಿ ಈಗ ಹಾಡುಗಳನ್ನು ಬಿಟ್ಟು ಬರೀ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ. ಒಬ್ಬ ಹಿರಿಯ ಭಾಗವತರು, ಎಪ್ಪತ್ತು ದಾಟಿದವರು, ಯಂತ್ರ ಚಾಲೂ ಆದದ್ದನ್ನು ನೋಡಿ ಗಂಟಲು ಸರಿಪಡಿಸಿಕೊಂಡು ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಶುರು ಮಾಡಿದರು. "ಅಜ್ಜಾರ, ಹಂಗ ಬ್ಯಾಡ್ರಿ, ದಿನಾ ಮಾತಾಡಿದಂಗ ಮಾತಾಡ್ರಿ" ಅಂದೆ. ಅವರು ನನ್ನ ಮುಖ ನೋಡಿದರು. "ನೀ ನಮ್ಮ ಕಡೀಯಾಕೆನಬೇ? ಮೊದಲs ಹೇಳಬಾರದ?" ಅಂದು, ಯಂತ್ರವನ್ನು ಆಚೆ ಸರಿಸಿ, ಚಹಾ ತರಲು ಸೊಸೆಗೆ ಕೂಗು ಹಾಕಿದರು.