ಸಾಕುಮಗಳ ಸಿಟ್ಟು, ಕಿತ್ತೂರಿನ ಹುಡುಗ

ಆಲೂರಿನ ಚಿಕ್ಕಮ್ಮ ಮೊನ್ನೆ ಫೋನಲ್ಲಿ ಕೇಳಿದ್ರು, "ಮಗಳ ಸಿಟ್ಟು ಈಗ ಹೆಂಗಿದೆ ಕಣೆ?" ಅಂತ. ಇದೆ ಚಿಕ್ಕಮ್ಮ, ಹಂಗೇ ಇದೆ. ನಾನು ಅದನ್ನ ನೋಡೋ ರೀತಿ ಮಾತ್ರ ಬದಲಾಗಿದೆ. ಬದಲಾಯ್ಸಿದ್ದು ಅವಳ ಸಮಾಜ ಪುಸ್ತಕದ ಒಂದು ಪಾಠ.

ಅವತ್ತು ಸಂಜೆ ನಾನು ಅಕ್ಕಿ ರೊಟ್ಟಿ ತಟ್ತಾ ಇದ್ದೆ, ಹೊರಗೆ ಮಳೆ ಹೊಡೀತಾ ಇತ್ತು. ಅವಳು ಕಿತ್ತೂರು ಚೆನ್ನಮ್ಮನ ಪಾಠ ಜೋರಾಗಿ ಓದ್ತಿದ್ದವಳು "ದತ್ತುಪುತ್ರ ಶಿವಲಿಂಗಪ್ಪ" ಅಂತ ಬಂದಾಗ ನಿಲ್ಲಿಸಿಬಿಟ್ಳು. "ಅವನ ಮೊದಲಿನ ಅಮ್ಮ ಎಲ್ಲಿದ್ಲು? ಅವನಿಗೆ ಹೋಗಕ್ಕೆ ಇಷ್ಟ ಇತ್ತಾ?" ಅಂದ್ಳು. ನಾನು ರೊಟ್ಟಿ ಕಡೆ ನೋಡ್ಕೊಂಡೇ, "ಅದೆಲ್ಲಾ ಪರೀಕ್ಷೆಗೆ ಬರಲ್ಲ, ಮುಂದೆ ಓದು" ಅಂದೆ. ಪುಸ್ತಕ ಅಂಗಳದ ಮಳೆನೀರಿಗೆ ಹೋಗಿ ಬಿತ್ತು. "ನೀನು ನನ್ನ ಅಮ್ಮ ಅಲ್ಲ" ಅಂತ ಕೂಗಿ ಸೌದೆ ಕೊಟ್ಟಿಗೆಗೆ ಓಡಿದ್ಳು. ತಪ್ಪು ನಂದೇ.

ಪುಸ್ತಕ ಒಲೆ ಪಕ್ಕ ಒಣಗಿಸ್ಕೊಂಡು ಆ ಪಾಠ ನಾನೇ ಓದಿದೆ, ಆಮೇಲೆ ಬೇರೆ ಪುಸ್ತಕಗಳನ್ನೂ ಹುಡುಕಿದೆ. 1824ರಲ್ಲಿ ಕಿತ್ತೂರಿನ ದೊರೆಗೆ ಮಕ್ಕಳಿಲ್ಲದೆ ಆ ಹುಡುಗನ್ನ ದತ್ತು ತಗೊಂಡ್ರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ದತ್ತಕ ಒಪ್ಪದೆ ರಾಜ್ಯ ನುಂಗೋದನ್ನ ಶುರು ಮಾಡಿದ್ದು ಡಾಲ್‌ಹೌಸಿ ಅಂತ ನಾವೆಲ್ಲಾ ಓದಿದ್ದೀವಿ. ಅವನು ಬಂದದ್ದು 1848ರಲ್ಲಿ, ಕಿತ್ತೂರಿನ ಕಥೆ ಅದಕ್ಕೂ 24 ವರ್ಷ ಮೊದಲೇ ನಡೆದುಹೋಗಿತ್ತು. ಅಕ್ಟೋಬರ್ 23ರ ಯುದ್ಧದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಲ್ಲಿ ಕೋಟೆ ಬಿತ್ತು, ಚೆನ್ನಮ್ಮನ್ನ ಬೈಲಹೊಂಗಲದಲ್ಲಿ ಸೆರೆ ಇಟ್ರು. ಅದೇ ಹುಡುಗನ ಹೆಸರು ಹಿಡ್ಕೊಂಡು ಸಂಗೊಳ್ಳಿ ರಾಯಣ್ಣ ಕಾದಾಡಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ.

ಮೈಸೂರಲ್ಲೂ ಅಷ್ಟೇ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರನ್ನ ದತ್ತು ತಗೊಂಡ್ರು. ಬ್ರಿಟಿಷರು ಒಪ್ಪಿದ್ದು 1867ರಲ್ಲಿ, ರಾಜ್ಯ ವಾಪಸ್ ಕೊಟ್ಟಿದ್ದು 1881ರಲ್ಲಿ. ನಾನು ಓದಿದ್ರಲ್ಲೆಲ್ಲಾ ಗದ್ದುಗೆ, ಮುದ್ರೆ, ಪತ್ರಗಳ ಮಾತೇ. ಎರಡು ವರ್ಷದ ಕೂಸು ಆ ರಾತ್ರಿ ಯಾರನ್ನ ಕೇಳ್ಕೊಂಡು ಅತ್ತಿತು ಅಂತ ಒಂದು ಸಾಲೂ ಸಿಗಲಿಲ್ಲ.

ದೊಡ್ಡವರ ಮನೆ ಬಿಡಿ, ನಮ್ಮ ಮನೆಗೇ ಬನ್ನಿ. ನಮ್ಮ ದೊಡ್ಡ ತಾತನ್ನ ಏಳನೇ ವರ್ಷಕ್ಕೆ ಮಕ್ಕಳಿಲ್ಲದ ನೆಂಟರಿಗೆ ದತ್ತು ಕೊಟ್ಟಿದ್ರು. ಹಳೇ ಧರ್ಮಶಾಸ್ತ್ರದ ಲೆಕ್ಕದಲ್ಲಿ ದತ್ತು ಹೋದವನು ಹುಟ್ಟಿದ ಮನೆಗೆ ಸತ್ತಂಗೇ: ಆಸ್ತಿ ಇಲ್ಲ, ಹೆತ್ತ ಅಪ್ಪನ ತಿಥಿ ಮಾಡೋ ಹಕ್ಕೂ ಇಲ್ಲ. ನಮಗೆಲ್ಲಾ ಅವರು ಬರೀ ಮುಂಗೋಪಿ ತಾತ. ಕಣದಲ್ಲಿ ಕಾಫಿ ಒಣಗ್ತಿದ್ರೆ ನಾವು ಆ ಕಡೆ ಹಾಯೋಕೂ ಹೆದರ್ತಿದ್ವಿ. "ಅದು ಅವನ ಹುಟ್ಟುಗುಣ" ಅಂತಿದ್ರು ಅಜ್ಜಿ. ಹುಟ್ಟುಗುಣ ಅಂತ ಈಗ ನನಗೆ ಅನ್ನಿಸಲ್ಲ.

ಇನ್ನು ಹೆಣ್ಣುಮಗು. 1956ರ ಹಿಂದೂ ದತ್ತಕ ಕಾಯ್ದೆ ಬರೋ ತನಕ ಶಾಸ್ತ್ರ ಒಪ್ಪಿದ್ದು ಗಂಡು ದತ್ತು ಮಾತ್ರ. ಹೆಣ್ಣಾದ್ರೆ "ಸಾಕಿಕೊಂಡಿದ್ದು", ಅಷ್ಟೇ. ನಮ್ಮ ಮಗಳು ಕಾರಾ ಮೂಲಕ, ನಾಲ್ಕು ವರ್ಷದವಳಾಗಿ ಬಂದಳು. ಕೋರ್ಟಿನ ಆದೇಶದಲ್ಲಿ ಅವಳು ನಮ್ಮ ಮಗಳೇ. (2022ರಿಂದ ಆ ಆದೇಶ ಕೊಡೋದು ಜಿಲ್ಲಾಧಿಕಾರಿ. ಪಕ್ಕದ ತೋಟದ ಅಕ್ಕ ಕೇಳಿದ್ರಲ್ಲ, ಅದಕ್ಕೆ ಹೇಳ್ದೆ.)

ಲಂಡನ್ನಿನ ಜಾನ್ ಬೌಲ್ಬಿ ಅನ್ನೋ ವೈದ್ಯರು, ಅವರ ಜೊತೆಗಾರ ಜೇಮ್ಸ್ ರಾಬರ್ಟ್‌ಸನ್, ತಾಯಿಯಿಂದ ಬೇರೆಯಾದ ಮಕ್ಕಳನ್ನ ಕೂತು ನೋಡಿದವರು. 1952ರಲ್ಲಿ ರಾಬರ್ಟ್‌ಸನ್ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಒಂದು ಮಗುವಿನ ಸಿನಿಮಾನೇ ತೆಗೆದ್ರು. ಅವರು ಕಂಡಿದ್ದು ಇಷ್ಟು: ಮಗು ಮೊದಲು ಅತ್ತು ಕೂಗಿ ಪ್ರತಿಭಟಿಸುತ್ತೆ, ಆಮೇಲೆ ಆಸೆ ಬಿಡುತ್ತೆ, ಕೊನೆಗೆ ಯಾರೂ ಬೇಡ ಅನ್ನೋ ಹಂಗೆ ಸುಮ್ಮನಾಗುತ್ತೆ. ಸುಮ್ಮನಾದ ಮಗುವನ್ನ ಆಸ್ಪತ್ರೆಯವರು "ಹೊಂದಿಕೊಂಡಿದೆ" ಅಂತಿದ್ರಂತೆ. ನಮ್ಮ ಮಗಳೂ ಬಂದ ಮೊದಲ ವರ್ಷ ಒಂದು ಸಲವೂ ಹಟ ಮಾಡಲಿಲ್ಲ. "ಎಷ್ಟು ಒಳ್ಳೇ ಮಗು" ಅಂತ ನೀವೆಲ್ಲಾ ಹೊಗಳಿದ್ರಿ, ನಾನೂ ಬೀಗಿದೆ. ಈಗ ಕೂಗ್ತಾಳೆ ಅಂದ್ರೆ, ಕೂಗಿದ್ರೂ ಈ ಮನೆಯವರು ತನ್ನನ್ನ ಎಲ್ಲೂ ಕಳಿಸಲ್ಲ ಅನ್ನೋ ಧೈರ್ಯ ಬಂದಿರಬೇಕು ಅಂತ ನನ್ನ ಲೆಕ್ಕ. ಹಂಗಂತ ಸಾಮಾನು ಒಡೆಯೋಕೆ ಬಿಡಲ್ಲ. ಕೈ ಹಿಡ್ಕೊಂಡು ಪಕ್ಕದಲ್ಲಿ ಕೂರ್ತೀನಿ. ಬುದ್ಧಿ ಹೇಳೋದೇನಿದ್ರೂ ಸಿಟ್ಟು ಇಳಿದ ಮೇಲೆ.

ಅವತ್ತು ಸೌದೆ ಕೊಟ್ಟಿಗೆಗೆ ಹೋಗಿ ಪಕ್ಕದಲ್ಲೇ ಕೂತೆ. ಅರ್ಧ ಗಂಟೆ ಆಗಿರಬೇಕು. ಆಮೇಲೆ ಅಂದೆ, "ಶಿವಲಿಂಗಪ್ಪನ ಅಮ್ಮ ಏನಂದ್ಲೋ ನಂಗೆ ಗೊತ್ತಿಲ್ಲ. ನಿನ್ನ ಅಮ್ಮನ ಹೆಸರೂ ಗೊತ್ತಿಲ್ಲ. ನಿನಗೆ 18 ತುಂಬಿದ ಮೇಲೆ ಹುಡುಕೋಕೆ ನೀನೇ ಅರ್ಜಿ ಹಾಕಬಹುದು. ಅದಕ್ಕೂ ಮುಂಚೆ ಬೇಕು ಅಂದ್ರೆ ನಾವೂ ಜೊತೆಗೆ ಬರ್ತೀವಿ." ಆರು ವರ್ಷ ಬೀರುವಿನ ಮೇಲೆ ಮುಚ್ಚಿಟ್ಟಿದ್ದ ಬಟ್ಟೆಚೀಲ ತಂದು ಕೊಟ್ಟೆ. ಅವಳು ಬಂದ ದಿನ ಹಾಕಿದ್ದ ಹಳದಿ ಫ್ರಾಕು, ಒಂದು ಜೊತೆ ಬಳೆ.

ಫ್ರಾಕನ್ನ ಎದೆಗೆ ಹಿಡಿದು ಅಳತೆ ನೋಡಿದ್ಳು. "ಇಷ್ಟು ಚಿಕ್ಕವಳಿದ್ನಾ?" ಅಂದ್ಳು. ಚೀಲ ತಗೊಂಡೋಗಿ ತನ್ನ ಕಪಾಟಲ್ಲಿ ಇಟ್ಕೊಂಡ್ಳು. ಬೆಳಗಾದ್ರೆ ಜಡೆ ಬಿಗಿ ಆಯ್ತು ಅಂತ ಮತ್ತೆ ಜಗಳ.