ಬಹುಪಥ ಧ್ವನಿಮುದ್ರಣ ಯಂತ್ರ: ಚರಿತ್ರೆ, ಆಯ್ಕೆ, ಪಾಲನೆ

ಶಿಲಾಶಾಸನವನ್ನು ಓದಲು ಲಿಪಿಜ್ಞಾನವಿದ್ದರೆ ಸಾಕು, ತಾಳೆಯೋಲೆಗೂ ಅಷ್ಟೆ. ಧ್ವನಿಸುರುಳಿಯ ಮಾತು ಬೇರೆ. ಅದಕ್ಕೆ ತಕ್ಕ ಯಂತ್ರವಿಲ್ಲದಿದ್ದರೆ ಎಂಥ ವಿದ್ವಾಂಸನಿಗೂ ಅದು ಮೂಕವಸ್ತುವೇ ಸರಿ. ಗಡಿನಾಡಿನ ಹಾಡು, ಆಡುನುಡಿಗಳ ಹಳೆಯ ಸುರುಳಿಗಳನ್ನು ಉಳಿಸಹೊರಟ ಅಧ್ಯಾಪಕರು ಈ ಭೇದವನ್ನು ಮನಗಾಣುವುದು ಅವಶ್ಯ. ಯಂತ್ರವನ್ನು ಆರಿಸುವ, ಕಾಪಾಡುವ ಕ್ರಮವು ಅದರ ಚರಿತ್ರೆಯಿಂದಲೇ ಸ್ಪಷ್ಟವಾಗುವುದರಿಂದ ಮೊದಲು ಅದನ್ನು ನೋಡೋಣ.

ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲಿ ಉಕ್ಕಿನ ತಂತಿಯ ಮೇಲೆ ಕಾಂತಶಕ್ತಿಯಿಂದ ಧ್ವನಿಯನ್ನು ಮುದ್ರಿಸಿದನು. 1928ರಲ್ಲಿ ಫ್ರಿಟ್ಸ್ ಫ್ಲೋಯ್ಮರ್ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿಯನ್ನು ಲೇಪಿಸಿದನು. 1935ರ ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ ಎಇಜಿ ಕಂಪನಿಯ ಮ್ಯಾಗ್ನೆಟೋಫೋನ್ ಬೆಳಕಿಗೆ ಬಂದಿತು. ಯುದ್ಧಾನಂತರ ಅಮೆರಿಕದ ಇಂಜಿನಿಯರ್ ಜಾನ್ ಮಲಿನ್ ಅಂಥ ಎರಡು ಯಂತ್ರಗಳನ್ನು ಸ್ವದೇಶಕ್ಕೆ ಒಯ್ದನು. ಅವುಗಳ ಮಾದರಿಯಿಂದ 1948ರಲ್ಲಿ ಆಂಪೆಕ್ಸ್ 200 ಹುಟ್ಟಿತು. 1957ರಲ್ಲಿ ಅದೇ ಕಂಪನಿ ಗಿಟಾರ್ ವಾದಕ ಲೆಸ್ ಪಾಲ್‌ಗೆ ಒಂದಂಗುಲದ ಪಟ್ಟಿಯಲ್ಲಿ ಎಂಟು ಪಥಗಳ, ಅಂದರೆ ಎಂಟು ಟ್ರ್ಯಾಕ್‌ಗಳ, ಯಂತ್ರವನ್ನು ಕೊಟ್ಟಿತು. ಮೊದಲು ಮುದ್ರಿಸಿದ ಪಥವನ್ನು ಮುದ್ರಣದ ಹೆಡ್ಡಿನಿಂದಲೇ ಕೇಳಿಸಿ, ಹೊಸ ಪಥವು ತಾಳ ತಪ್ಪದಂತೆ ಮಾಡಿದ್ದು ಇದರ ಮುಖ್ಯ ಯುಕ್ತಿ. ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್’ ಸ್ಟೂಡರ್ ಜೆ 37 ಎಂಬ ನಾಲ್ಕು ಪಥದ ಯಂತ್ರದಲ್ಲಿ ಸಿದ್ಧವಾಯಿತು. ಮುಂದೆ ಎರಡಂಗುಲದ ಪಟ್ಟಿಯಲ್ಲಿ 16, ಬಳಿಕ 24 ಪಥಗಳು ಬಂದುವು.

ಪಥಗಳು ಹೆಚ್ಚಿದಂತೆ ಒಂದೊಂದರ ಅಗಲ ಕುಗ್ಗಿತು: ಎರಡಂಗುಲದಲ್ಲಿ 16 ಪಥಗಳಿದ್ದರೆ ಪಥವೊಂದಕ್ಕೆ ಸುಮಾರು 1.8 ಮಿಲಿಮೀಟರ್, 24 ಇದ್ದರೆ ಸುಮಾರು 1.1. ಪಥ ಕಿರಿದಾದಷ್ಟೂ ಹಿನ್ನೆಲೆಯ ಸುಯ್‌ಕಾರ ಹೆಚ್ಚು. ಆದುದರಿಂದ ಹೆಚ್ಚು ಪಥದ ಯಂತ್ರವೇ ಮೇಲೆಂಬ ಭಾವನೆ ಸಲ್ಲದು. ಕಂಪನಿಯ ಹೆಸರನ್ನಲ್ಲ, ತಮ್ಮ ಸುರುಳಿಯ ಅಗಲ, ಪಥ, ವೇಗಗಳನ್ನು ಮೊದಲು ನೋಡಬೇಕು. ಹಳ್ಳಿಗಳಲ್ಲಿ ಮುದ್ರಿಸಿದ ಸುರುಳಿಗಳು ಬಹುಮಟ್ಟಿಗೆ ಕಾಲಂಗುಲದವು. ಅವಕ್ಕೆ ಎರಡಂಗುಲದ ಯಂತ್ರ ನಿರರ್ಥಕ. ಕಾಲಂಗುಲದ ನಾಲ್ಕು ಪಥದ ಟಿಯಾಕ್ ಎ-3340ಎಸ್ ಸೆಕೆಂಡಿಗೆ 15 ಮತ್ತು 7½ ಅಂಗುಲ ವೇಗದ್ದು. 3¾ ಅಂಗುಲದಲ್ಲಿ ಮುದ್ರಿಸಿದ ಹಾಡು ಅದರಲ್ಲಿ ಇಮ್ಮಡಿ ವೇಗದಲ್ಲಿ ಓಡುತ್ತದೆ.

ಎರಡನೆಯದಾಗಿ ಹೆಡ್ಡುಗಳನ್ನು ಪರೀಕ್ಷಿಸಬೇಕು. ಪಟ್ಟಿ ಉಜ್ಜಿ ಆಳವಾದ ತಗ್ಗು ಬಿದ್ದಿದ್ದರೆ, ಹೊರಕವಚ ಎಷ್ಟೇ ಹೊಳೆಯುತ್ತಿರಲಿ, ಕೊಳ್ಳದಿರುವುದು ಲೇಸು. ಮೂರನೆಯದು ವಿದ್ಯುತ್ತು. ಆವರ್ತವನ್ನನುಸರಿಸಿ ತಿರುಗುವ ಮೋಟಾರುಳ್ಳ ಅಮೆರಿಕದ 60 ಆವರ್ತದ ಯಂತ್ರವು ನಮ್ಮ 50 ಆವರ್ತದಲ್ಲಿ ಆರನೆಯ ಒಂದಂಶ ನಿಧಾನವಾಗಿ ಓಡುತ್ತದೆ. ಶ್ರುತಿ ಮೂರು ಸ್ವರಸ್ಥಾನಗಳಿಗಿಂತ ತುಸು ಹೆಚ್ಚು ಇಳಿಯುತ್ತದೆ.

ಪಾಲನೆ ಕಷ್ಟಸಾಧ್ಯವಲ್ಲ. ಪ್ರತಿ ಬಳಕೆಗೆ ಮುನ್ನ ಹೆಡ್ಡುಗಳನ್ನೂ ಪಟ್ಟಿ ಸಾಗುವ ಲೋಹದ ಭಾಗಗಳನ್ನೂ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಆಗಾಗ ಹೆಡ್ಡುಗಳ ಕಾಂತತ್ವವನ್ನು ಕಳೆಯಬೇಕು. ಆಗ ಯಂತ್ರ ಆರಿರಬೇಕು, ಸುರುಳಿಗಳು ದೂರವಿರಬೇಕು, ಉಪಕರಣವನ್ನು ಮೆಲ್ಲಗೆ ದೂರ ಸರಿಸಿದ ಮೇಲೆಯೇ ಆರಿಸಬೇಕು. ಕಾಸರಗೋಡಿನಂಥ ಕರಾವಳಿಯಲ್ಲಿ ಮಳೆಗಾಲದ ತೇವವೇ ದೊಡ್ಡ ಶತ್ರು. 1970ರ ಈಚೆಗಿನ ಕೆಲವು ಪಟ್ಟಿಗಳ ಅಂಟು ತೇವವನ್ನು ಹೀರಿ ಜಿಗುಟಾಗುತ್ತದೆ. ಆಂಪೆಕ್ಸ್ 456 ಇದಕ್ಕೆ ಪ್ರಸಿದ್ಧ ನಿದರ್ಶನ. ಅವನ್ನು ಸುಮಾರು 54 ಡಿಗ್ರಿ ಸೆಂಟಿಗ್ರೇಡ್ ಒಣ ಶಾಖದಲ್ಲಿ ಹಲವು ಗಂಟೆ ಇರಿಸಿ ನುಡಿಸುವುದುಂಟು. ಇದು ಬಲ್ಲವರೇ ಮಾಡಬೇಕಾದ ಕೆಲಸ. ಹಳೆಯ ಅಸಿಟೇಟ್ ಪಟ್ಟಿಗಳಿಗಂತೂ ಈ ಶಾಖ ಸಲ್ಲದು. ಸುರುಳಿಯನ್ನು ಬೆಳಕಿಗೆ ಹಿಡಿದಾಗ ಬೆಳಕು ತೂರಿಬಂದರೆ ಅದು ಅಸಿಟೇಟ್ ಎಂದು ತಿಳಿಯಬಹುದು.

2025ರ ಸುಮಾರಿಗೆ ಇಂಥ ಯಂತ್ರಗಳು ದೊರೆಯುವುದೇ ದುರ್ಲಭವಾದೀತೆಂದು ಯುನೆಸ್ಕೋ ಮತ್ತು ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 2019ರಲ್ಲಿ ಎಚ್ಚರಿಸಿದುವು. ಹೇಳಿದ ಕಾಲ ಬಂದೇ ಬಿಟ್ಟಿದೆ. ಸುಸ್ಥಿತಿಯಲ್ಲಿರುವ ಯಂತ್ರವೊಂದು ಜಿಲ್ಲೆಗೊಂದಿದ್ದರೂ, ಅದು ಓಡುತ್ತಿರುವಾಗಲೇ ಸುರುಳಿಗಳನ್ನು ಡಿಜಿಟಲ್ ಪ್ರತಿಗಿಳಿಸಿ, ಹಾಡಿದವರ ಹೆಸರು, ಊರು, ವರ್ಷಗಳನ್ನು ಬರೆದಿಡಬಹುದು. ಹಾಡಿದ ಹಿರಿಯರು ಇಲ್ಲವಾದ ಮೇಲೆ ಅವರ ಕಂಠವನ್ನು ಮರಳಿ ಕೇಳಿಸಲು ನಮಗೆ ಬೇರೆ ದಾರಿಯಿಲ್ಲ.